ಮೀಟರ್ ಓಡದ ಕರೆ: ಅಡಿಲೇಡ್, ಪರ್ತ್, ಬ್ರಿಸ್ಬೇನ್ ಮನೆಗಳಿಗೆ ಇಂಟರ್ನೆಟ್ ಬಂದ ಲೆಕ್ಕ



ಚಾರ್ಟರ್ಡ್ ಅಕೌಂಟೆಂಟ್ ಮಾತಾಡುತ್ತಾನೆ ಎಂದು ಕೇಳಿ, ತೆರಿಗೆ ಉಳಿಸುವ ದಾರಿ ಹೇಳಬಹುದು ಎಂಬ ಆಸೆಯಿಂದ ಕೆಲವರು ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ನಿಮಗೆ ಊಟದ ಹೊತ್ತಿಗೆ ಸಿಗುತ್ತೇನೆ. ಈಗ ನಾನು ಹೇಳಹೊರಟಿರುವುದು ಒಂದು ಹಳೆಯ ಖಾತೆಯ ಕಥೆ. ನಾವೆಲ್ಲ ದಿನವೂ ಬಳಸುವ ಆನ್‌ಲೈನ್ ಸೇವೆ ಈ ದೇಶದ ಮನೆಗಳಿಗೆ ಮೊದಲು ಹೇಗೆ ಬಂತು, ಅಷ್ಟು ಬೇಗ ಹೇಗೆ ಬೆಳೆಯಿತು, ಅದರ ಖರ್ಚು ಯಾರ ಹೆಸರಿಗೆ ಬಿತ್ತು ಎಂಬುದು ನನ್ನ ವಿಷಯ. ಸಿಡ್ನಿ, ಮೆಲ್ಬರ್ನ್ ಬಿಟ್ಟು ಅಡಿಲೇಡ್, ಪರ್ತ್, ಬ್ರಿಸ್ಬೇನ್‌ಗಳನ್ನು ಆರಿಸಿಕೊಂಡಿದ್ದೇನೆ. ಈ ಮೂರೂ ಊರುಗಳಲ್ಲಿ ನಮ್ಮವರು ಸಾಕಷ್ಟು ಜನ ಇದ್ದಾರೆ ಎಂಬುದು ಒಂದು ಕಾರಣ. ಕಥೆಯ ನಿಜವಾದ ತಿರುವುಗಳು ಈ ಮೂರು ಊರುಗಳಲ್ಲೇ ಸಿಗುತ್ತವೆ ಎಂಬುದು ಇನ್ನೊಂದು.

ಒಳ್ಳೆಯ ಕಂಪ್ಯೂಟರ್ ಬಂತು, ವೇಗದ ಮೋಡೆಮ್ ಬಂತು, ಅದಕ್ಕೇ ಇಂಟರ್ನೆಟ್ ಬೆಳೆಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಲೆಕ್ಕದ ಪುಸ್ತಕ ಇನ್ನೊಂದು ಮಾತು ಹೇಳುತ್ತದೆ. ಮೀಟರ್ ನಿಂತಾಗ ಜನ ಬಂದರು. ಮತ್ತು ಗ್ರಾಹಕನ ಮನೆಯಲ್ಲಿ ನಿಂತ ಮೀಟರ್ ಬೇರೆ ಎಲ್ಲೋ ಒಂದು ಕಡೆ ಓಡುತ್ತಲೇ ಇತ್ತು.

ಮೀಟರ್ ಓಡುತ್ತಿದ್ದ ಕಾಲ

ಆಸ್ಟ್ರೇಲಿಯಾದಲ್ಲಿ ಜನಸಾಮಾನ್ಯರಿಗಾಗಿ ದೊಡ್ಡ ಮಟ್ಟದಲ್ಲಿ ಆನ್‌ಲೈನ್ ಸೇವೆ ಶುರು ಮಾಡಿದ್ದು ಸರ್ಕಾರಿ ದೂರವಾಣಿ ಸಂಸ್ಥೆಯಾಗಿದ್ದ ಟೆಲಿಕಾಂ ಆಸ್ಟ್ರೇಲಿಯಾ. 1985ರಲ್ಲಿ ಬಂದ ಆ ಸೇವೆಯ ಹೆಸರು ವಿಯಾಟೆಲ್. ಬ್ರಿಟನ್ನಿನ ಪ್ರೆಸ್ಟೆಲ್ ಮಾದರಿಯದು. ಫೋನ್ ಲೈನಿನ ಮೂಲಕ ಪರದೆಯ ಮೇಲೆ ಒಂದೊಂದೇ ಪುಟವಾಗಿ ಬಣ್ಣದ ಅಕ್ಷರಗಳಲ್ಲಿ ಸುದ್ದಿ, ಷೇರು ದರ, ಬ್ಯಾಂಕಿನ ವಿವರ ಮೂಡುತ್ತಿದ್ದವು. ತಂತ್ರಜ್ಞಾನ ಚೆನ್ನಾಗಿಯೇ ಇತ್ತು. ಆದರೆ ಲೈನಿನಲ್ಲಿ ಇದ್ದಷ್ಟು ಹೊತ್ತಿಗೂ ದರ ಬೀಳುತ್ತಿತ್ತು. ಮನೆಯವರು ಗಡಿಯಾರ ನೋಡಿಕೊಂಡು ಓದಬೇಕು. ಹಾಗೆ ಓದುವವನು ಬೇಕಾದ್ದನ್ನು ನೋಡಿ ಎದ್ದು ಹೋಗುತ್ತಾನೆ, ಅಲ್ಲೇ ನೆಲೆಸುವುದಿಲ್ಲ. ವಿಯಾಟೆಲ್ ಮುಂದೆ ಡಿಸ್ಕವರಿ ಎಂದು ಹೆಸರು ಬದಲಿಸಿಕೊಂಡಿತು, ಕೊನೆಗೆ ಮುಚ್ಚಿಹೋಯಿತು.

ನಮ್ಮ ಊರಿನ ಕಡೆಯ ನೆನಪು ಇರುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎಸ್‌ಟಿಡಿ ಬೂತಿನಲ್ಲಿ ಕೆಂಪು ಅಂಕಿ ಓಡುವುದನ್ನು ನೋಡುತ್ತಾ "ಎಲ್ಲಾ ಚೆನ್ನಾಗಿದೀರಾ, ಇಡ್ತೀನಿ" ಎಂದು ಮಾತು ಮುಗಿಸಿದವರು ನಾವು. ಮೀಟರ್ ಎದುರಿಗಿದ್ದರೆ ಮನಸ್ಸಿನ ಮಾತು ಹೊರಗೆ ಬರುವುದಿಲ್ಲ.

ಅಡಿಲೇಡ್: ಒಂದು ಉಪಚುನಾವಣೆ

ಈಗ 1988ಕ್ಕೆ ಬನ್ನಿ. ಆಗ ಆಸ್ಟ್ರೇಲಿಯಾದಲ್ಲಿ ಒಂದೇ ಊರಿನೊಳಗಿನ ಕರೆಗೆ ಒಂದು ಸಲಕ್ಕೆ ಇಷ್ಟು ಎಂಬ ಒಂದೇ ದರ. ಮೂರು ನಿಮಿಷ ಮಾತಾಡಿ, ಮೂರು ಗಂಟೆ ಮಾತಾಡಿ, ಬಿಲ್ ಅಷ್ಟೇ. ಸ್ಥಳೀಯ ಕರೆಗೂ ಸಮಯದ ಲೆಕ್ಕ ಹಾಕಬೇಕು ಎಂಬ ಪ್ರಸ್ತಾಪ ಆ ದಿನಗಳಲ್ಲಿ ಬಂತು. ಜನ ರೇಗಿದರು. ಮಕ್ಕಳು ದೂರವಿರುವ ಮುದುಕರು, ಮನೆಯಿಂದಲೇ ವ್ಯವಹಾರ ನೋಡುವವರು, ಸಂಘ ಸಂಸ್ಥೆ ನಡೆಸುವವರು ಎಲ್ಲರಿಗೂ ಇದು ಜೇಬಿಗೆ ಕೈ ಹಾಕಿದ ಹಾಗೆ ಕಂಡಿತು.

ಅದೇ ಹೊತ್ತಿಗೆ, 1988ರ ಫೆಬ್ರವರಿ 6ರಂದು, ಅಡಿಲೇಡ್ ಲೋಕಸಭಾ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಹಾಕ್ ಸರ್ಕಾರದ ಲೇಬರ್ ಪಕ್ಷ ತನ್ನ ಕೈಯಲ್ಲಿದ್ದ ಆ ಸ್ಥಾನವನ್ನು ಲಿಬರಲ್ ಪಕ್ಷಕ್ಕೆ ಬಿಟ್ಟುಕೊಡಬೇಕಾಯಿತು. ಸೋಲಿಗೆ ಬೇರೆ ಕಾರಣಗಳೂ ಇರಬಹುದು, ಆದರೆ ಪ್ರಚಾರದಲ್ಲಿ ಎದ್ದು ಕಂಡ ವಿಷಯಗಳಲ್ಲಿ ಫೋನ್ ಮೀಟರ್ ಒಂದು. ಆ ಪ್ರಸ್ತಾಪ ಮೂಲೆಗೆ ಸರಿಯಿತು. ಮುಂದೆ 1997ರಲ್ಲಿ ದೂರಸಂಪರ್ಕ ಕ್ಷೇತ್ರವನ್ನು ಪೂರ್ತಿ ಸ್ಪರ್ಧೆಗೆ ತೆರೆದಾಗಲೂ ಮನೆಗಳ ಸ್ಥಳೀಯ ಕರೆಗೆ ಮೀಟರ್ ಹಾಕಲು ಯಾವ ಸರ್ಕಾರಕ್ಕೂ ಧೈರ್ಯ ಬರಲಿಲ್ಲ.

ಅಂದು ಮತ ಹಾಕಿದವರ ತಲೆಯಲ್ಲಿ ಇಂಟರ್ನೆಟ್ ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳಿಗೆ ಹವಾಯಿ ಮೂಲಕ ಉಪಗ್ರಹದ ಇಂಟರ್ನೆಟ್ ಸಂಪರ್ಕ ಸಿಕ್ಕಿದ್ದೇ 1989ರ ಜೂನ್‌ನಲ್ಲಿ. ಅದರ ವೇಗ ಸೆಕೆಂಡಿಗೆ 56 ಕಿಲೋಬಿಟ್, ಇಡೀ ದೇಶಕ್ಕೆ! ಆದರೆ ಆರೇಳು ವರ್ಷ ಕಳೆದು ಮನೆಗಳಿಗೆ ಮೋಡೆಮ್ ಬಂದಾಗ, ಮಗ ರಾತ್ರಿ ಎಂಟಕ್ಕೆ ಡಯಲ್ ಮಾಡಿ ಹನ್ನೆರಡರವರೆಗೆ ಕೂತರೂ ಫೋನ್ ಬಿಲ್ಲಿಗೆ ಸೇರಿದ್ದು ಸುಮಾರು 25 ಸೆಂಟ್. ಅಜ್ಜಿಯ ಹರಟೆಗಾಗಿ ಉಳಿಸಿಕೊಂಡ ಹಕ್ಕು ಮೊಮ್ಮಗನಿಗೆ ದಕ್ಕಿತು. ಆಸ್ಟ್ರೇಲಿಯಾದ ಇಂಟರ್ನೆಟ್ ಇತಿಹಾಸ ಬರೆಯುವವರು ಎಂಜಿನಿಯರುಗಳ ಪಕ್ಕದಲ್ಲಿ ಅಡಿಲೇಡಿನ ಆ ಮತದಾರರಿಗೂ ಒಂದು ಕುರ್ಚಿ ಹಾಕಬೇಕು.

ಪರ್ತ್: ಗ್ಯಾರೇಜಿನ ಕಂಪನಿ

ಈ ನಿಯಮಕ್ಕೆ ಇನ್ನೊಂದು ಪರಿಣಾಮವೂ ಇತ್ತು. ಒಂದೇ ದರ ಇದ್ದದ್ದು ಸ್ಥಳೀಯ ಕರೆಗೆ ಮಾತ್ರ. ಪರ್ತ್‌ನಿಂದ ಸಿಡ್ನಿಗೆ ವಿಮಾನದ ದಾರಿಯಲ್ಲೇ ಸುಮಾರು 3,300 ಕಿಲೋಮೀಟರ್. ಅಲ್ಲಿರುವ ಮೋಡೆಮ್‌ಗೆ ಡಯಲ್ ಮಾಡಿದರೆ ಮತ್ತೆ ಎಸ್‌ಟಿಡಿ ಮೀಟರ್. ಆದ್ದರಿಂದ ಸೇವೆ ಕೊಡುವವನ ಮೋಡೆಮ್ ನಿಮ್ಮ ಊರಿನಲ್ಲೇ ಇರಬೇಕು. ದೊಡ್ಡ ಕಂಪನಿಗಳು ಇಷ್ಟು ದೂರಕ್ಕೆ ಬರಲು ಹೊತ್ತು ತೆಗೆದುಕೊಂಡವು. ಆ ಖಾಲಿ ಜಾಗದಲ್ಲಿ ಊರಿನ ಹುಡುಗರು ಅಂಗಡಿ ತೆರೆದರು.

ಪರ್ತ್‌ನಲ್ಲಿ ಡಯಾಲಿಕ್ಸ್ ಎಂಬ ಸಂಸ್ಥೆ ದೇಶದ ಅತಿ ಹಳೆಯ ಸೇವಾದಾರರಲ್ಲಿ ಒಂದು. 1993ರಲ್ಲಿ ಮೈಕೆಲ್ ಮಲೋನ್ ಮತ್ತು ಮೈಕೆಲ್ ಓ'ರೈಲಿ ಅಲ್ಲಿಯೇ ಐಐನೆಟ್ ಶುರು ಮಾಡಿದರು. ಜಾಗ ಪ್ಯಾಡ್‌ಬರಿ ಬಡಾವಣೆಯಲ್ಲಿ ಮಲೋನ್ ಅವರ ತಂದೆತಾಯಿಯ ಮನೆಯ ಗ್ಯಾರೇಜ್. ಅಡಿಲೇಡಿನಲ್ಲಿ ವಿಶ್ವವಿದ್ಯಾಲಯದ ಜಾಲದಲ್ಲಿ ಪಳಗಿದ ಸೈಮನ್ ಹ್ಯಾಕೆಟ್ 1991ರಲ್ಲೇ ಇಂಟರ್‌ನೋಡ್ ಕಟ್ಟಿದ್ದರು. ಬ್ರೆಡ್ ಸುಡುವ ಟೋಸ್ಟರನ್ನು ಇಂಟರ್ನೆಟ್ ಮೂಲಕ ನಡೆಸಿ ತೋರಿಸಿದ ಇಬ್ಬರಲ್ಲಿ ಒಬ್ಬರು ಅವರೇ. ಅದೇ ಊರಿನಲ್ಲಿ 1994ರಲ್ಲಿ ಸ್ಟೀವ್ ಬ್ಯಾಕ್ಸ್‌ಟರ್ ಎಂಬ ಯುವಕ ಕೂಡಿಟ್ಟ 11,000 ಡಾಲರ್ ಹಾಕಿ ಎಸ್‌ಇ ನೆಟ್ ಎಂಬ ಕಂಪನಿ ಆರಂಭಿಸಿದರು.

ಇಂಥ ಕಂಪನಿಯ ಲೆಕ್ಕ ಹೇಗಿರುತ್ತದೆ ಎಂದು ಒಂದು ಉದಾಹರಣೆ ಹೇಳುತ್ತೇನೆ. ನೂರು ಜನ ಚಂದಾದಾರರು, ತಿಂಗಳಿಗೆ ತಲಾ 30 ಡಾಲರ್ ಎಂದುಕೊಳ್ಳಿ. ಮೊದಲ ದಿನವೇ 3,000 ಡಾಲರ್ ಜಮೆ. ನೂರು ಜನ ಒಟ್ಟಿಗೆ ಡಯಲ್ ಮಾಡುವುದಿಲ್ಲ, ಹತ್ತು ಫೋನ್ ಲೈನ್, ಹತ್ತು ಮೋಡೆಮ್ ಸಾಕು. ಹೊಸ ಚಂದಾದಾರರು ಮುಂಗಡ ಕೊಟ್ಟ ಹಣದಲ್ಲೇ ಮುಂದಿನ ತಿಂಗಳ ಮೋಡೆಮ್ ಬರುತ್ತದೆ. ಸಾಲವಿಲ್ಲದೆ ಬೆಳೆಯುವ ವ್ಯಾಪಾರ. ಅಪಾಯ ಇರುವುದು ಒಂದೇ ಕಡೆ. ಸಮಯಕ್ಕೆ ದರವಿಲ್ಲದ ಮೇಲೆ ಜನ ಎದ್ದು ಹೋಗುವುದಿಲ್ಲ. ಹತ್ತು ಲೈನೂ ತುಂಬಿ, ಹನ್ನೊಂದನೆಯವನಿಗೆ ಎಂಗೇಜ್ ಟೋನ್. ಮಾಲೀಕ ಅದೇ ಊರಿನವನು, ಬೈಯುವವರು ಅವನಿಗೆ ಗೊತ್ತಿರುವವರೇ. ಆದ್ದರಿಂದ ಅವನು ಇನ್ನೊಂದು ಲೈನ್ ಹಾಕಿಸುತ್ತಾನೆ.

ಹೀಗೆ ದೇಶದ ತುಂಬ ಅಂಗಡಿಗಳು ಹುಟ್ಟಿಕೊಂಡವು. 2000ದ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಆರುನೂರಕ್ಕೂ ಹೆಚ್ಚು ಸೇವಾದಾರರಿದ್ದರು. ಅಂಕಿಅಂಶ ಇಲಾಖೆಯ ಲೆಕ್ಕದಲ್ಲಿ 1998ರಲ್ಲಿ ಶೇಕಡಾ 16ರಷ್ಟು ಮನೆಗಳಲ್ಲಿದ್ದ ಇಂಟರ್ನೆಟ್ 2003ರಲ್ಲಿ ಶೇಕಡಾ 53ಕ್ಕೆ ಏರಿತ್ತು. ಐದೇ ವರ್ಷ.

ಬ್ರಿಸ್ಬೇನ್: ಪಕ್ಕದ ಮನೆಗೆ ಸಿಡ್ನಿ ಸುತ್ತಿ ಹೋಗುವುದು

ಗ್ರಾಹಕನ ಮೀಟರ್ ನಿಂತಿತು ಎಂದೆ. ಹಾಗಾದರೆ ಓಡುತ್ತಿದ್ದ ಮೀಟರ್ ಎಲ್ಲಿತ್ತು? ಸೇವಾದಾರನ ಹಿತ್ತಲಲ್ಲಿ. 1995ರಲ್ಲಿ ವಿಶ್ವವಿದ್ಯಾಲಯಗಳ ಜಾಲದ ವಾಣಿಜ್ಯ ಗ್ರಾಹಕರು ಟೆಲ್‌ಸ್ಟ್ರಾ ಕೈಗೆ ಹೋದರು. ಆ ದಿನಗಳ ಸಗಟು ದರ ಒಂದು ಮೆಗಾಬೈಟಿಗೆ 19 ಸೆಂಟ್. ಇಂದು ನಿಮ್ಮ ಮಗಳು ನೋಡುವ ಒಂದು ಸಿನಿಮಾ ಒಂದು ಗಿಗಾಬೈಟ್ ಎಂದರೂ ಆ ದರದಲ್ಲಿ 190 ಡಾಲರ್! ಅಮೆರಿಕಕ್ಕೆ ಹೋಗುವ ಸಮುದ್ರದಾಳದ ಕೇಬಲ್ಲಿನ ಖರ್ಚೂ ಬಹುಪಾಲು ಈ ಕಡೆಯವರ ತಲೆಗೇ. ಸೇವಾದಾರ ಒಳಗೆ ಬರುವ ದತ್ತಾಂಶವನ್ನು ತೂಕ ಹಾಕಿ ಕೊಳ್ಳಬೇಕು, ಹೊರಗೆ ತಿಂಗಳ ಲೆಕ್ಕದಲ್ಲಿ ಮಾರಬೇಕು. ಆಸ್ಟ್ರೇಲಿಯಾದಲ್ಲಿ ತಿಂಗಳಿಗೆ ಇಷ್ಟೇ ಡೌನ್‌ಲೋಡ್ ಎಂಬ ಮಿತಿ ಅಷ್ಟು ವರ್ಷ ಉಳಿದದ್ದಕ್ಕೆ ಬೇರು ಇಲ್ಲಿದೆ.

ಇದರಲ್ಲಿ ಒಂದು ತಮಾಷೆಯೂ ಇತ್ತು. ಬ್ರಿಸ್ಬೇನಿನ ಟೂವಾಂಗ್‌ನಲ್ಲಿರುವವರು ಸನ್ನಿಬ್ಯಾಂಕ್‌ನಲ್ಲಿರುವ ಗೆಳೆಯರಿಗೆ ಇಮೇಲ್ ಕಳಿಸಿದರೆ, ಇಬ್ಬರ ಸೇವಾದಾರರು ಬೇರೆಯಾದರೆ, ಅದು ಸಿಡ್ನಿಗೆ ಹೋಗಿ ತಿರುಗಿ ಬರಬಹುದಿತ್ತು. ಎದುರು ಮನೆಗೆ ಸಕ್ಕರೆ ಕೊಡಲು ಮೈಸೂರಿನ ಬಸ್ಸು ಹತ್ತಿದ ಹಾಗೆ. ಪರ್ತ್‌ನ ಸೇವಾದಾರರು ತಮ್ಮ ಸಂಘದ ಮೂಲಕ ಇದಕ್ಕೊಂದು ಪರಿಹಾರ ಕಂಡುಕೊಂಡರು. ಎಲ್ಲರೂ ಒಂದು ಕಡೆ ತಂತಿ ತಂದು ಜೋಡಿಸುವುದು, ಊರಿನ ದತ್ತಾಂಶವನ್ನು ಊರಿನಲ್ಲೇ ಬದಲಾಯಿಸಿಕೊಳ್ಳುವುದು. ಬ್ರಿಸ್ಬೇನಿನಲ್ಲಿ ಇದೇ ಕೆಲಸವನ್ನು ವ್ಯಾಪಾರವಾಗಿ ಮಾಡಿದವರು ಬೆವನ್ ಸ್ಲಾಟರಿ ಮತ್ತು ನಾವು ಆಗಲೇ ನೋಡಿದ ಅಡಿಲೇಡಿನ ಸ್ಟೀವ್ ಬ್ಯಾಕ್ಸ್‌ಟರ್. ತಮ್ಮ ಮೊದಲ ಕಂಪನಿಯನ್ನು ಮಾರಿದ ಮೇಲೆ ಬ್ಯಾಕ್ಸ್‌ಟರ್, ಸ್ಲಾಟರಿಯ ಜೊತೆ ಸೇರಿ 2001ರಲ್ಲಿ ಪೈಪ್ ನೆಟ್‌ವರ್ಕ್ಸ್ ಕಟ್ಟಿದರು. 2009ರಲ್ಲಿ ಅದೇ ಕಂಪನಿ ಸಿಡ್ನಿಯಿಂದ ಗುವಾಮ್‌ವರೆಗೆ ಸಮುದ್ರದಡಿಯ ಕೇಬಲ್ಲನ್ನೇ ಎಳೆಯಿತು. ಮೀಟರ್ ಎಲ್ಲಿ ಓಡುತ್ತಿದೆ ಎಂದು ಸರಿಯಾಗಿ ನೋಡಿ, ಅಲ್ಲಿಗೇ ಹೋಗಿ ಕೈ ಹಾಕಿದವರು ಇವರು.

ಖರ್ಚನ್ನು ಆಸ್ತಿ ಎಂದು ಬರೆದವರು

ಖರ್ಚನ್ನು ಹುಡುಕಿ ಇಳಿಸಿದವರ ಕಥೆ ಆಯಿತು. ಖರ್ಚನ್ನು ಪುಸ್ತಕದಲ್ಲಿ ಬಚ್ಚಿಟ್ಟವರೂ ಇದ್ದರು. ಈ ಭಾಗ ನನ್ನ ವೃತ್ತಿಗೆ ಸೇರಿದ್ದು, ಸ್ವಲ್ಪ ತಾಳ್ಮೆ ಇರಲಿ.

ಅಮೆರಿಕದ ಎಒಎಲ್ ಆ ಕಾಲದ ಎಲ್ಲಕ್ಕಿಂತ ದೊಡ್ಡ ಗ್ರಾಹಕ ಸೇವೆ. 1994ರ ಆಗಸ್ಟ್‌ನಲ್ಲಿ 10 ಲಕ್ಷ ಇದ್ದ ಸದಸ್ಯರು ಎರಡು ವರ್ಷದಲ್ಲಿ 60 ಲಕ್ಷ ದಾಟಿದರು. ಪತ್ರಿಕೆಗಳ ಜೊತೆ, ಅಂಚೆಯಲ್ಲಿ, ಎಲ್ಲಿ ನೋಡಿದರೂ ಅವರ ಉಚಿತ ಫ್ಲಾಪಿ, ಉಚಿತ ಸಿಡಿ. ಹಂಚಿದ್ದಕ್ಕೆ ಹಣ ಹೋಗಿದೆ, ಆದರೆ ಕಂಪನಿ ಅದನ್ನು ಆ ವರ್ಷದ ಖರ್ಚು ಎಂದು ಬರೆಯಲಿಲ್ಲ. "ಈ ಗ್ರಾಹಕರು ಮುಂದೆ ಬಹಳ ದಿನ ಇರುತ್ತಾರೆ, ಆದ್ದರಿಂದ ಇದು ಆಸ್ತಿ" ಎಂದು ಬ್ಯಾಲೆನ್ಸ್ ಶೀಟಿನಲ್ಲಿ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಕಳೆಯುತ್ತಾ ಬಂದಿತು. ಕಾಗದದ ಮೇಲೆ ಲಾಭ ಕಂಡಿತು. 1996ರ ಅಕ್ಟೋಬರ್‌ನಲ್ಲಿ ಆ "ಆಸ್ತಿ"ಯನ್ನು ಒಂದೇ ಏಟಿಗೆ ಕಳೆಯಬೇಕಾಯಿತು. ಮೊತ್ತ 38.5 ಕೋಟಿ ಡಾಲರ್. ಅದುವರೆಗೆ ತೋರಿಸಿದ್ದ ಲಾಭವನ್ನೆಲ್ಲ ನುಂಗುವಷ್ಟು ದೊಡ್ಡದು. 2000ದಲ್ಲಿ ಅಮೆರಿಕದ ಷೇರು ನಿಯಂತ್ರಣ ಮಂಡಳಿಗೆ 35 ಲಕ್ಷ ಡಾಲರ್ ದಂಡವನ್ನೂ ಕಟ್ಟಿದರು.

ಆ ಅಕ್ಟೋಬರಿನ ಬೆನ್ನಿಗೇ, ಡಿಸೆಂಬರ್‌ನಲ್ಲಿ, ಎಒಎಲ್ ತಿಂಗಳಿಗೆ 19.95 ಡಾಲರ್ ಎಂಬ ಒಂದೇ ದರ ತಂದಿತು. ಅಲ್ಲಿಯವರೆಗೆ ಗಂಟೆ ಲೆಕ್ಕ ಇತ್ತು. ಮೀಟರ್ ನಿಂತದ್ದೇ ತಡ, ಜನ ಲೈನ್ ಬಿಡಲಿಲ್ಲ. ದೇಶಕ್ಕೆ ದೇಶವೇ ಎಂಗೇಜ್ ಟೋನ್ ಕೇಳಿತು. ರಾಜ್ಯಗಳ ಅಟಾರ್ನಿ ಜನರಲ್‌ಗಳು ಎದ್ದು ನಿಂತ ಮೇಲೆ ಹಣ ಹಿಂತಿರುಗಿಸಬೇಕಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಮೋಡೆಮ್‌ಗೂ ಅನ್ವಯಿಸುತ್ತದೆ. ಎಒಎಲ್ ಆಸ್ಟ್ರೇಲಿಯಾಕ್ಕೂ ಬಂತು. ಇಲ್ಲಿ ಅದು ನೆಲೆ ಊರಲಿಲ್ಲ, 2004ರಲ್ಲಿ ಇಲ್ಲಿನ ವ್ಯವಹಾರ ಮಾರಿ ಹೋಯಿತು.

ಇಲ್ಲಿನ ದೊಡ್ಡ ಹೆಸರು ಸಿಡ್ನಿಯ ಓಝ್‌ಇಮೇಲ್. 1996ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆ ಮುಟ್ಟಿದ ಈ ಕಂಪನಿ ಮುಂದೆ ವರ್ಲ್ಡ್‌ಕಾಮ್ ಎಂಬ ದೈತ್ಯನ ಪಾಲಾಯಿತು. 2002ರಲ್ಲಿ ವರ್ಲ್ಡ್‌ಕಾಮ್ ಬಯಲಾಯಿತು. ಲೈನ್ ಬಾಡಿಗೆಯ ಖರ್ಚನ್ನು ಬಂಡವಾಳ ಆಸ್ತಿ ಎಂದು ಬರೆದಿದ್ದರು, ಮೊದಲು ಒಪ್ಪಿಕೊಂಡ ಮೊತ್ತವೇ 380 ಕೋಟಿ ಡಾಲರಿಗಿಂತ ಹೆಚ್ಚು. ಎಒಎಲ್‌ನದು ನಿಯಮವನ್ನು ಎಳೆದಾಡಿದ್ದು, ವರ್ಲ್ಡ್‌ಕಾಮ್‌ನದು ನೇರ ವಂಚನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದಿಲ್ಲ. ಆದರೆ ಎರಡರಲ್ಲೂ ಆಸೆ ಒಂದೇ: ಇಂದು ಹೋದ ದುಡ್ಡು ನಾಳೆಯ ಹೆಸರಿನಲ್ಲಿ ಇರಲಿ.

ಓಝ್‌ಇಮೇಲನ್ನು 2005ರಲ್ಲಿ 11 ಕೋಟಿ ಡಾಲರಿಗೆ ಕೊಂಡದ್ದು ಯಾರು? ಪರ್ತ್‌ನ ಗ್ಯಾರೇಜಿನಿಂದ ಬಂದ ಐಐನೆಟ್. ನುಂಗಿದ್ದು ಜೀರ್ಣವಾಗಲಿಲ್ಲ. 2006ರಲ್ಲಿ ಲಾಭದ ಅಂದಾಜು ಇಳಿಸಬೇಕಾಯಿತು, ಷೇರು ಕುಸಿಯಿತು. ಸುಧಾರಿಸಿಕೊಂಡ ಮೇಲೆ ಅದು ಮತ್ತೆ ಅಡಿಲೇಡಿನ ಇಂಟರ್‌ನೋಡನ್ನು, 2013ರಲ್ಲಿ ಅದೇ ಊರಿನ ಆಡಮ್ ಇಂಟರ್ನೆಟ್ಟನ್ನು ಕೊಂಡಿತು. ಬ್ರಿಸ್ಬೇನಿನ ಪೈಪ್ ನೆಟ್‌ವರ್ಕ್ಸ್ 2010ರಲ್ಲೇ ಟಿಪಿಜಿ ಸಮೂಹಕ್ಕೆ ಸೇರಿತ್ತು. 2015ರಲ್ಲಿ ಐಐನೆಟ್ ಕೂಡ ಸುಮಾರು 156 ಕೋಟಿ ಡಾಲರಿಗೆ ಟಿಪಿಜಿಗೇ ಹೋಯಿತು. ಮೂರು ಊರುಗಳ ಮೂರು ಕಥೆಗಳು ಒಂದೇ ಕಂಪನಿಯ ಪುಸ್ತಕದಲ್ಲಿ ಕೊನೆಗೊಂಡವು.

ನಮ್ಮ ಪಾಲಿನ ಖಾತೆ

ಇದರಲ್ಲಿ ಕನ್ನಡದವರ ಪಾಲೇನು ಎಂದು ಕೇಳಬಹುದು. ಭಾರತದಲ್ಲಿ ಜನರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ, ಮೊದಲು ಮಹಾನಗರಗಳಲ್ಲಿ. ಒಬ್ಬ ವ್ಯಕ್ತಿಗೆ 250 ಗಂಟೆಗೆ 5,000 ರೂಪಾಯಿ, ಅಂದರೆ ಗಂಟೆಗೆ 20. ಇದರ ಮೇಲೆ ಫೋನ್ ಮೀಟರ್ ಬೇರೆ. 1998ರ ನವೆಂಬರ್‌ವರೆಗೆ ಖಾಸಗಿಯವರಿಗೆ ಅವಕಾಶವೇ ಇರಲಿಲ್ಲ. ಅಲ್ಲಿ ಎರಡು ಮೀಟರ್, ಇಲ್ಲಿ ಒಂದೂ ಇಲ್ಲ. ಹಾಗಾಗಿ ಆ ಕಾಲದಲ್ಲಿ ರಾತ್ರಿಯೆಲ್ಲ ಕೂತು ಆನ್‌ಲೈನ್‌ನಲ್ಲಿ ಬರೆಯುವ ಅನುಕೂಲ ಊರಿನವರಿಗಿಂತ ಹೊರದೇಶದಲ್ಲಿದ್ದವರಿಗೆ ಹೆಚ್ಚು ಸಿಕ್ಕಿತು. ಊರಿಗೆ ಫೋನ್ ಮಾಡಿದರೆ ನಿಮಿಷಕ್ಕೆ ಡಾಲರ್ ಲೆಕ್ಕವಿದ್ದ ದಿನಗಳು ಅವು.

ಆದರೆ ಕನ್ನಡ ಅಕ್ಷರ? 1996ರಲ್ಲಿ ಯು. ಬಿ. ಪವನಜ ಅವರು ವಿಶ್ವಕನ್ನಡ ಎಂಬ ಅಂತರಜಾಲ ಪತ್ರಿಕೆ ತಂದರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂತು. ಯುನಿಕೋಡ್ ಕನ್ನಡ ಮನೆಯ ಕಂಪ್ಯೂಟರಿಗೆ ಸರಿಯಾಗಿ ಇಳಿದದ್ದು ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ. ಅಲ್ಲಿಯವರೆಗೆ "ಹೇಗಿದ್ದೀರಿ" ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದವರೇ ಹೆಚ್ಚು. ಒಂದೊಂದು ಫಾಂಟಿಗೆ ಒಂದೊಂದು ಸಂಕೇತ, ಫಾಂಟ್ ಇಲ್ಲದವನಿಗೆ ಪುಟ ತೆರೆದರೆ ಬರೀ ಗೀಟು ಚುಕ್ಕೆ. ಅಂದಿನ ಸಂಘಗಳ ಯುಗಾದಿ ಆಹ್ವಾನ, ರಾಜ್ಯೋತ್ಸವದ ವರದಿ, ಮಕ್ಕಳ ಮೊದಲ ಕನ್ನಡ ಕವನ ಎಷ್ಟೋ ಹೀಗೆ ಓದಲಾಗದ ಕಡತಗಳಲ್ಲಿ ಇವೆ. ಉಚಿತ ಪುಟ ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಅಲ್ಲಿ ಮನೆ ಕಟ್ಟಿದವರ ಮನೆಯೂ ಹೋಯಿತು.

ಇದು ಹಳೆಯ ಕಥೆ ಎಂದುಕೊಳ್ಳಬೇಡಿ. 2023ರಲ್ಲಿ ಟಿಪಿಜಿ ಸಮೂಹ ಇಮೇಲ್ ವ್ಯವಹಾರದಿಂದ ಕೈ ತೊಳೆದುಕೊಂಡು, ಐಐನೆಟ್, ಇಂಟರ್‌ನೋಡ್ ಮುಂತಾದ ಹೆಸರಿನ ಅಂಚೆಪೆಟ್ಟಿಗೆಗಳನ್ನು ಬೇರೊಂದು ಕಂಪನಿಗೆ ವರ್ಗಾಯಿಸಿತು. ಪರ್ತ್, ಅಡಿಲೇಡಿನ ಹಿರಿಯರು ಇಪ್ಪತ್ತು ಇಪ್ಪತ್ತೈದು ವರ್ಷದಿಂದ ಇಟ್ಟುಕೊಂಡ ವಿಳಾಸಗಳು ಅವು. ಬ್ಯಾಂಕು, ಪಾಸ್‌ಪೋರ್ಟ್, ಊರಿನ ಜಮೀನಿನ ವ್ಯವಹಾರ ಎಲ್ಲಕ್ಕೂ ಅದೇ ವಿಳಾಸ. ಎಒಎಲ್ ಕೂಡ ತನ್ನ ಡಯಲ್-ಅಪ್ ಸೇವೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು.

ಇಲ್ಲಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ಲಾಭ ಬಾರದ ಸೇವೆಯನ್ನು ಕಂಪನಿ ನಿಲ್ಲಿಸುತ್ತದೆ, ಅದು ಅವರ ಲೆಕ್ಕ. ನಮ್ಮ ಲೆಕ್ಕ ನಾವು ಇಟ್ಟುಕೊಳ್ಳಬೇಕು. ಇಂದು ನಮ್ಮ ಸಂಘಗಳ ಸದಸ್ಯರ ಪಟ್ಟಿ, ಸಭೆಯ ನಡಾವಳಿ, ಇಪ್ಪತ್ತು ವರ್ಷದ ನಾಟಕದ ಫೋಟೋ, ಕನ್ನಡ ಶಾಲೆಯ ಪಾಠ ಎಲ್ಲವೂ ಯಾವುದೋ ಉಚಿತ ಸೇವೆಯಲ್ಲಿ, ಬಹಳ ಸಲ ಒಬ್ಬರೇ ಕಾರ್ಯದರ್ಶಿಯ ಖಾಸಗಿ ಖಾತೆಯಲ್ಲಿ ಇರುತ್ತವೆ. ಉಚಿತ ಎಂದರೆ ನಮ್ಮ ಕಣ್ಣಿಗೆ ಮೀಟರ್ ಕಾಣುತ್ತಿಲ್ಲ ಎಂದಷ್ಟೇ ಅರ್ಥ. ಅದು ಬೇರೆ ಯಾರದೋ ಪುಸ್ತಕದಲ್ಲಿ ಓಡುತ್ತಿದೆ, ಅವರಿಗೆ ಸಾಕೆನಿಸಿದ ದಿನ ನಿಲ್ಲುತ್ತದೆ.

ಆದ್ದರಿಂದ ಮೂರು ಕೆಲಸ ಹೇಳಿ ಮುಗಿಸುತ್ತೇನೆ. ಸಂಘದ ಕಾಗದಪತ್ರ ಸಂಘದ ಹೆಸರಿನ ವಿಳಾಸದಲ್ಲಿರಲಿ, ಪದಾಧಿಕಾರಿ ಬದಲಾದಾಗ ಹಣದ ಪುಸ್ತಕದ ಜೊತೆ ಅದರ ಪಾಸ್‌ವರ್ಡೂ ಕೈ ಬದಲಾಗಲಿ. ಹಳೆಯ ಫಾಂಟಿನ ಕಡತಗಳನ್ನು, ಅವುಗಳನ್ನು ಓದಬಲ್ಲವರು ನಮ್ಮ ನಡುವೆ ಇರುವಾಗಲೇ, ಯುನಿಕೋಡಿಗೆ ಬದಲಿಸಿ. ಮತ್ತು ವರ್ಷಕ್ಕೊಮ್ಮೆ, ಆಡಿಟ್ ಮಾಡುವ ದಿನವೇ, ಎಲ್ಲದರ ಒಂದು ಪ್ರತಿ ತೆಗೆದು ಇಬ್ಬರು ಬೇರೆ ಬೇರೆಯವರ ಮನೆಯಲ್ಲಿಡಿ. ಖರ್ಚು ಹೆಚ್ಚಿಲ್ಲ. ಆದ ಖರ್ಚನ್ನು ಮಾತ್ರ ದಯವಿಟ್ಟು ಅದೇ ವರ್ಷದ ಖರ್ಚು ಎಂದೇ ಬರೆಯಿರಿ.

ಊಟಕ್ಕೆ ಹೊತ್ತಾಯಿತು. ತೆರಿಗೆಯ ಪ್ರಶ್ನೆ ಇರುವವರು ಪಾಯಸದ ಪಕ್ಕ ಬನ್ನಿ, ಅಲ್ಲಿ ಮೀಟರ್ ಇಲ್ಲ.